ಮೂರು ಸಲ ಇಳಿದುಹೋದ ಬಸಿರು ಮತ್ತು ‘ಎಪಿಎಲ್‌ಎ ಪಾಸಿಟಿವ್’: ಆ ರಿಪೋರ್ಟಿನಲ್ಲಿ ಇರುವುದೇನು?

ಆಷಾಢದ ಕೊನೆಯ ಶುಕ್ರವಾರ. ಚಾಮುಂಡಿ ಬೆಟ್ಟಕ್ಕೆ ಹೊರಟ ಜನರಿಂದ ಮೈಸೂರಿನ ಬಸ್ಸುಗಳೆಲ್ಲ ತುಂಬಿದ್ದವು. ಆ ಗದ್ದಲದಲ್ಲೇ ಪಾಂಡವಪುರದ ಕಡೆಯಿಂದ ಮೂವರು ನಮ್ಮ ಲ್ಯಾಬಿಗೆ ರಿಪೋರ್ಟ್ ತಗೊಳ್ಳಲು ಬಂದರು. ಗಂಡ, ಹೆಂಡತಿ, ಅತ್ತೆ. ಆ ಹುಡುಗಿಗೆ ಮೂರು ಸಲ ಬಸಿರು ನಿಂತು, ಮೂರು ಸಲವೂ ಇಳಿದುಹೋಗಿದೆ.

ಗಂಡ ಕವರ್ ಒಡೆದು ನೋಡಿದ. ಎಪಿಎಲ್‌ಎ ಅನ್ನುವ ರಕ್ತ ಪರೀಕ್ಷೆ ಪಾಸಿಟಿವ್ ಬಂದಿತ್ತು. ‘ಕಾರ್ಡಿಯೋ’ ಅನ್ನುವ ಪದ ಕಂಡ ಕೂಡಲೇ ಅವನ ಮುಖ ಬಿಳಿಚಿಕೊಂಡಿತು. ‘ಮೇಡಂ, ಇವ್ಳಿಗೆ ಹಾರ್ಟ್ ಪ್ರಾಬ್ಲಮ್ಮಾ?’ ಅಂದ. ಅತ್ತೆ ಪಕ್ಕದಲ್ಲೇ ನಿಂತು, ‘ಪರಂಗಿ ಹಣ್ಣು ಮುಟ್ಬೇಡ ಅಂತ ಬಡ್ಕೊಂಡೆ, ಕೇಳ್ಲಿಲ್ಲ ಕಣಮ್ಮ’ ಅಂದರು. ಹುಡುಗಿ ಮಾತಾಡಲಿಲ್ಲ. ಬ್ಯಾಗಿನ ಜಿಪ್ಪು ಎಳೆಯುತ್ತಾ, ಮುಚ್ಚುತ್ತಾ ನಿಂತಿದ್ದಳು.

ನಾನು ರಕ್ತ ಪರೀಕ್ಷೆ ಮಾಡುವವಳು, ಡಾಕ್ಟರ್ ಅಲ್ಲ. ಕೌಂಟರಿನಲ್ಲಿ ನಿಂತು ‘ಡಾಕ್ಟರಿಗೆ ತೋರಿಸಿ’ ಅನ್ನಬಹುದು, ಅಷ್ಟೇ. ಆದರೆ ಅವರ ಪ್ರಶ್ನೆಗೆ ಉತ್ತರ ಇಲ್ಲದೇ ಇಲ್ಲ. ಎರಡು ನಿಮಿಷದಲ್ಲಿ ಹೇಳಿ ಮುಗಿಯುವಂಥದ್ದಲ್ಲ ಅಂತ ಇಲ್ಲಿ ಬರೆಯುತ್ತಿದ್ದೇನೆ. ಇಂಥ ರಿಪೋರ್ಟ್ ಕೈಯಲ್ಲಿ ಹಿಡಿದು ಕೂತಿರುವ ಮನೆಗಳು ಇನ್ನೂ ಇವೆ.

ಬೇಲಿಯೇ ಹೊಲ ಮೇಯುವುದು

ನಮ್ಮ ಮೈಯೊಳಗೆ ಹೊರಗಿನ ರೋಗಾಣು ಬಂದರೆ, ರಕ್ತದಲ್ಲಿ ಅದನ್ನು ಗುರುತು ಹಿಡಿದು ಅಂಟಿಕೊಳ್ಳುವ ಸಣ್ಣ ಸಣ್ಣ ಪ್ರೋಟೀನುಗಳು ತಯಾರಾಗುತ್ತವೆ. ಅವೇ ಪ್ರತಿಕಾಯಗಳು, ಅಂದರೆ ಆಂಟಿಬಾಡಿ. ಕೋವಿಡ್ ಲಸಿಕೆ ಹಾಕಿಸಿಕೊಂಡಾಗ ‘ಆಂಟಿಬಾಡಿ ಬಂದಿದೆ’ ಅಂತ ಎಲ್ಲರೂ ಹೇಳುತ್ತಿದ್ದರಲ್ಲ, ಅದೇ. ಒಂದೊಂದು ಪ್ರತಿಕಾಯವೂ ಒಂದೊಂದು ಗುರುತಿಗೆ ಮಾತ್ರ ಅಂಟುತ್ತದೆ.

ಕೆಲವೊಮ್ಮೆ ಈ ಗುರುತು ಹಿಡಿಯುವ ಕೆಲಸ ತಪ್ಪುತ್ತದೆ. ಹೊರಗಿನದು ಯಾವುದು, ನಮ್ಮದೇ ಯಾವುದು ಅನ್ನುವುದು ಗೊತ್ತಾಗದೆ, ನಮ್ಮ ಮೈಯ ವಸ್ತುವಿಗೇ ಅಂಟುವ ಪ್ರತಿಕಾಯ ಹುಟ್ಟುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇದನ್ನೇ ಆಟೋಇಮ್ಯೂನ್ ಅನ್ನುತ್ತಾರೆ. ಇದು ಅಂಟುರೋಗ ಅಲ್ಲ. ತಿಂದದ್ದರಿಂದ ಬರುವುದಲ್ಲ. ಭಾರ ಎತ್ತಿದ್ದರಿಂದ, ಸ್ಕೂಟರಿನಲ್ಲಿ ಓಡಾಡಿದ್ದರಿಂದ ಬರುವುದೂ ಅಲ್ಲ. ಆ ಹುಡುಗಿಯ ರಕ್ತದಲ್ಲಿ ಸಿಕ್ಕಿದ್ದು ಪರಂಗಿ ಹಣ್ಣಿನಿಂದ ಬಂದದ್ದಲ್ಲ. ಅವಳು ಮಾಡಿದ ಯಾವ ತಪ್ಪಿನಿಂದಲೂ ಬಂದದ್ದಲ್ಲ.

ರಕ್ತದ ಗುಂಪು ‘ನೆಗೆಟಿವ್’ ಇರುವವರ ಸಮಸ್ಯೆಯ ಜೊತೆ ಇದನ್ನು ಬೆರೆಸುವವರು ಬಹಳ. ಅದು ಬೇರೆ. ನೆಗೆಟಿವ್ ಗುಂಪಿನ ತಾಯಿಯಲ್ಲಿ ಹುಟ್ಟುವ ಪ್ರತಿಕಾಯ ಕೂಸಿನ ರಕ್ತಕಣಕ್ಕೆ ಅಂಟುತ್ತದೆ. ಅದನ್ನು ತಡೆಯಲು ಬೇರೆ ಇಂಜೆಕ್ಷನ್ ಇದೆ. ಇಲ್ಲಿ ನಾವು ಮಾತಾಡುತ್ತಿರುವುದು ತಾಯಿಯ ಸ್ವಂತ ವಸ್ತುವಿಗೇ ಅಂಟುವ ಪ್ರತಿಕಾಯದ ಬಗ್ಗೆ.

ಮೂರು ಹೆಸರು, ಮೂರು ಗೊಂದಲ

‘ಎಪಿಎಲ್‌ಎ’ ಅಂದರೆ ಆಂಟಿ ಫಾಸ್ಫೋಲಿಪಿಡ್ ಆಂಟಿಬಾಡಿ. ಫಾಸ್ಫೋಲಿಪಿಡ್ ಅನ್ನುವುದು ಒಂದು ಬಗೆಯ ಕೊಬ್ಬು. ನಮ್ಮ ಮೈಯ ಪ್ರತಿ ಜೀವಕೋಶದ ಸುತ್ತಲಿನ ಪೊರೆ ಇದರಿಂದಲೇ ಆಗಿದೆ. ರಿಪೋರ್ಟಿನಲ್ಲಿ ಮೂರು ಪರೀಕ್ಷೆಗಳಿರುತ್ತವೆ. ಆ ಹೆಸರುಗಳನ್ನು ಓದಿದರೆ ಯಾರಿಗಾದರೂ ಗಾಬರಿಯಾಗುತ್ತದೆ.

ಮೊದಲನೆಯದು ಆಂಟಿ ಕಾರ್ಡಿಯೋಲಿಪಿನ್. ಇದು ಪಾಸಿಟಿವ್ ಬಂದರೆ ಹೃದಯದ ಕಾಯಿಲೆ ಇದೆ ಅಂತ ಅರ್ಥ ಅಲ್ಲ. 1941ರಲ್ಲಿ ಮೇರಿ ಪ್ಯಾಂಗ್‌ಬಾರ್ನ್ ಅನ್ನುವ ವಿಜ್ಞಾನಿ ದನದ ಹೃದಯದಿಂದ ಈ ಕೊಬ್ಬನ್ನು ಬೇರ್ಪಡಿಸಿದರು. ಅದಕ್ಕೇ ‘ಕಾರ್ಡಿಯೋ’ ಅಂತ ಹೆಸರು ಬಂತು, ಅಷ್ಟೇ.

ಈ ಕೊಬ್ಬಿನಿಂದ ಇನ್ನೊಂದು ಎಡವಟ್ಟೂ ಆಗುತ್ತದೆ. ತಾಯಿ ಕಾರ್ಡ್ ಮಾಡಿಸುವಾಗ ಮಾಡುವ ರಕ್ತ ಪರೀಕ್ಷೆಗಳಲ್ಲಿ ಸಿಫಿಲಿಸ್ ಅನ್ನುವ ಲೈಂಗಿಕ ರೋಗದ ಪರೀಕ್ಷೆಯೂ ಒಂದು. ಅದರಲ್ಲಿ ವಿಡಿಆರ್‌ಎಲ್ ಅನ್ನುವ ಹಳೇ ವಿಧಾನ ಇದೇ ಕಾರ್ಡಿಯೋಲಿಪಿನ್ ಬಳಸುತ್ತದೆ. ಹಾಗಾಗಿ ಎಪಿಎಲ್‌ಎ ಇರುವ ಹೆಣ್ಣುಮಕ್ಕಳಲ್ಲಿ ಕೆಲವರಿಗೆ, ಸಿಫಿಲಿಸ್ ಇಲ್ಲದೇ ಇದ್ದರೂ ವಿಡಿಆರ್‌ಎಲ್ ಪಾಸಿಟಿವ್ ಬಂದುಬಿಡುತ್ತದೆ. ಆ ಒಂದು ಪದದಿಂದ ಗಂಡ ಹೆಂಡತಿ ಮುಖ ತಿರುಗಿಸಿಕೊಂಡು ಕೂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಟಿಪಿಎಚ್‌ಎ ಅನ್ನುವ ಖಚಿತ ಪರೀಕ್ಷೆ ಮಾಡಿಸುವ ಮುಂಚೆ ಯಾರನ್ನೂ ಅನುಮಾನಿಸಬೇಡಿ.

ಎರಡನೆಯದು ಲೂಪಸ್ ಆಂಟಿಕೋಯಾಗುಲಂಟ್. ಲೂಪಸ್ ಅನ್ನುವುದು ಚರ್ಮ, ಕೀಲು, ಕಿಡ್ನಿಗೆಲ್ಲ ತೊಂದರೆ ಕೊಡುವ ಬೇರೊಂದು ಆಟೋಇಮ್ಯೂನ್ ಕಾಯಿಲೆ. 1952ರಲ್ಲಿ ಇದನ್ನು ಮೊದಲು ವಿವರಿಸಿದ್ದು ಲೂಪಸ್ ರೋಗಿಗಳಲ್ಲಿ. ಹೆಸರು ಹಾಗೇ ಉಳಿದುಕೊಂಡಿತು. ಇದು ಪಾಸಿಟಿವ್ ಬಂದ ಎಷ್ಟೋ ಜನರಿಗೆ ಲೂಪಸ್ ಇರುವುದೇ ಇಲ್ಲ. ಇನ್ನು ‘ಆಂಟಿಕೋಯಾಗುಲಂಟ್’ ಅಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವುದು ಅಂತ ಅರ್ಥ. ಮೈಯೊಳಗೆ ಇದು ಮಾಡುವುದು ಅದಕ್ಕೆ ಪೂರ್ತಿ ಉಲ್ಟಾ ಕೆಲಸ. ರಕ್ತವನ್ನು ಹೆಪ್ಪುಗಟ್ಟಿಸುತ್ತದೆ.

ಮೂರನೆಯದು ಆಂಟಿ ಬೀಟಾ-2 ಗ್ಲೈಕೋಪ್ರೋಟೀನ್. ಹೆಸರು ಕಷ್ಟ, ಆದರೆ ವಿಷಯದ ತಿರುಳು ಇರುವುದು ಇಲ್ಲೇ. ಬೀಟಾ-2 ಅನ್ನುವ ಪ್ರೋಟೀನ್ ಎಲ್ಲರ ರಕ್ತದಲ್ಲೂ ಓಡಾಡಿಕೊಂಡಿರುತ್ತದೆ. ಅದು ಹೋಗಿ ಪೊರೆಯ ಕೊಬ್ಬಿನ ಮೇಲೆ ಕೂತಾಗ, ಈ ಪ್ರತಿಕಾಯಗಳು ಅದನ್ನು ಹಿಡಿದುಕೊಳ್ಳುತ್ತವೆ. ಕೊಬ್ಬಿಗೇ ಅಂಟುತ್ತವೆ ಅಂತ ಮೊದಲು ತಿಳಿದಿದ್ದರು. ಬಹುಪಾಲು ಅಂಟುವುದು ಕೊಬ್ಬಿನ ಮೇಲೆ ಕೂತ ಈ ಪ್ರೋಟೀನಿಗೆ ಅಂತ ಆಮೇಲೆ ಗೊತ್ತಾಯಿತು.

ಕೊಳಕುಮಂಡಲದ ವಿಷ, ಲ್ಯಾಬಿನ ಟ್ಯೂಬು

ಲೂಪಸ್ ಆಂಟಿಕೋಯಾಗುಲಂಟ್ ಹುಡುಕುವ ಪರೀಕ್ಷೆಯಲ್ಲಿ ನಾವು ಹಾವಿನ ವಿಷ ಬಳಸುತ್ತೇವೆ ಅಂದರೆ ಯಾರೂ ನಂಬುವುದಿಲ್ಲ. ಅದೂ ಮಂಡ್ಯದ ಕಬ್ಬಿನ ಗದ್ದೆಯವರಿಗೆ ಚೆನ್ನಾಗಿ ಗೊತ್ತಿರುವ ಹಾವು: ಕೊಳಕುಮಂಡಲ.

ಈ ಹಾವು ಕಚ್ಚಿದವರನ್ನು ಆಸ್ಪತ್ರೆಗೆ ತಂದಾಗ ಮಾಡುವ ಸರಳ ಪರೀಕ್ಷೆಯನ್ನು ಕೆಲವರು ನೋಡಿರಬಹುದು. ಒಣಗಿದ, ಸ್ವಚ್ಛ ಗಾಜಿನ ಟ್ಯೂಬಿಗೆ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಆಮೇಲೆ ಟ್ಯೂಬ್ ಓರೆ ಮಾಡಿದಾಗ ರಕ್ತ ನೀರಿನಂತೆ ಹರಿದರೆ, ವಿಷ ಏರಿದೆ ಅಂತ ಅರ್ಥ. ಕೊಳಕುಮಂಡಲದ ವಿಷ ಹೆಪ್ಪುಗಟ್ಟುವ ಕೆಲಸವನ್ನು ಮೈಯಲ್ಲೆಲ್ಲ ಒಂದೇ ಸಮನೆ ಶುರು ಮಾಡಿಸಿಬಿಡುತ್ತದೆ. ಅದಕ್ಕೆ ಬೇಕಾದ ಸಾಮಾನೆಲ್ಲ ಖರ್ಚಾಗಿ, ಕೊನೆಗೆ ರಕ್ತ ಹೆಪ್ಪುಗಟ್ಟುವುದೇ ಇಲ್ಲ.

ಲ್ಯಾಬಿನಲ್ಲಿ ಇದೇ ವಿಷವನ್ನು ತುಂಬಾ ತೆಳು ಮಾಡಿ, ಒಂದು ಹನಿಯಷ್ಟು ಬಳಸುತ್ತೇವೆ. ಹಾಲಿಗೆ ಹೆಪ್ಪು ಹಾಕಿದಂತೆ ಅಂದುಕೊಳ್ಳಿ. ರಕ್ತದ ತಿಳಿ ಭಾಗಕ್ಕೆ, ಅಂದರೆ ಪ್ಲಾಸ್ಮಾಕ್ಕೆ, ಈ ವಿಷ ಸೇರಿಸಿ ಎಷ್ಟು ಸೆಕೆಂಡಿನಲ್ಲಿ ಗಟ್ಟಿಯಾಗುತ್ತದೆ ಅಂತ ಯಂತ್ರ ಅಳೆಯುತ್ತದೆ. ಈ ಕೆಲಸ ನಡೆಯಲು ಫಾಸ್ಫೋಲಿಪಿಡ್ ಬೇಕು. ಭತ್ತ ಬಡಿಯಲು ಕಣ ಬೇಕಲ್ವಾ, ಹಾಗೆ. ಪ್ರತಿಕಾಯ ಇದ್ದರೆ, ಕಣದ ತುಂಬಾ ಯಾರೋ ಮೂಟೆ ಹಾಕಿಟ್ಟಂತಾಗುತ್ತದೆ. ಜಾಗ ಸಾಲದೆ ಕೆಲಸ ನಿಧಾನವಾಗುತ್ತದೆ.

ಆಗ ಇನ್ನೊಂದು ಟ್ಯೂಬಿಗೆ ಫಾಸ್ಫೋಲಿಪಿಡ್ಡನ್ನು ಜಾಸ್ತಿ ಹಾಕುತ್ತೇವೆ. ಕಣ ದೊಡ್ಡದಾಯಿತು. ಮೂಟೆಗಳು ಒಂದು ಮೂಲೆಗೆ ಸರಿದವು. ಈ ಸಲ ಬೇಗ ಗಟ್ಟಿಯಾದರೆ, ಅಡ್ಡಿ ಮಾಡುತ್ತಿದ್ದದ್ದು ಈ ಪ್ರತಿಕಾಯವೇ ಅಂತ ಗೊತ್ತಾಗುತ್ತದೆ. ರಿಪೋರ್ಟಿನಲ್ಲಿ ‘ರೇಷಿಯೋ’ ಅಂತ ಬರೆದಿರುವುದು ಈ ಎರಡು ಟ್ಯೂಬುಗಳ ಹೋಲಿಕೆಯನ್ನೇ. ಟ್ಯೂಬಿನೊಳಗೆ ಹೆಪ್ಪುಗಟ್ಟುವುದು ತಡವಾಗುವುದರಿಂದ ‘ಆಂಟಿಕೋಯಾಗುಲಂಟ್’ ಅಂತ ಕರೆದರು. ಮೈಯೊಳಗಾದರೋ ಈ ಪ್ರತಿಕಾಯ ಸುಮ್ನೆ ಜಾಗ ಹಿಡಿದು ಕೂರುವುದಿಲ್ಲ. ರಕ್ತನಾಳದ ಒಳಗೋಡೆಯನ್ನೂ ಪ್ಲೇಟ್‌ಲೆಟ್‌ಗಳನ್ನೂ ಕೆಣಕಿ, ಅಂಟಂಟು ಮಾಡಿಬಿಡುತ್ತದೆ.

ಬಸಿರು ಇಳಿದುಹೋದಾಗ ನಾಗದೋಷ ಅಂತ ಹೇಳಿ, ಅರಳಿಕಟ್ಟೆಯ ನಾಗರಕಲ್ಲಿಗೆ ಹಾಲೆರೆದು ಬರುವ ಪದ್ಧತಿ ನಮ್ಮ ಕಡೆ ಇದೆ. ಅದು ಅವರವರ ನಂಬಿಕೆ. ಪೂಜೆ ಮಾಡಿಸಿ, ಜೊತೆಗೆ ಈ ಪರೀಕ್ಷೆಯನ್ನೂ ಮಾಡಿಸಿ.

ಹೊಟ್ಟೆಯೊಳಗೆ ಏನಾಗುತ್ತದೆ?

ಕೂಸಿಗೆ ಊಟ, ಗಾಳಿ ಎಲ್ಲ ಹೋಗುವುದು ಮಾಸಿನ ಮೂಲಕ. ಹೆರಿಗೆಯಾದ ಮೇಲೆ ಬೀಳುವ, ‘ಕಸ’ ಅಂತಲೂ ಕರೆಯುವ ಭಾಗ ಅದು. ಬಸಿರು ನಿಂತ ಮೊದಲ ವಾರಗಳಲ್ಲಿ ಮಾಸಿನ ಜೀವಕೋಶಗಳು ಒಂದು ದೊಡ್ಡ ಕೆಲಸ ಮಾಡಬೇಕು. ತಾಯಿಯ ಗರ್ಭಕೋಶದ ಗೋಡೆಯಲ್ಲಿ ಸುರುಳಿ ಸುತ್ತಿಕೊಂಡ ಸಣ್ಣ ರಕ್ತನಾಳಗಳಿವೆ. ಈ ಕೋಶಗಳು ಗೋಡೆಯೊಳಗೆ ಇಳಿದು, ಆ ನಾಳಗಳನ್ನು ಒಳಗಿನಿಂದ ಅಗಲ ಮಾಡಬೇಕು.

ಮಂಡ್ಯದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೆಆರ್‌ಎಸ್ ತುಂಬಿದ್ದರೂ, ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಟ್ಟಿದ್ದರೂ, ನಿಮ್ಮ ಗದ್ದೆಗೆ ಬರುವ ಕಾಲುವೆ ತೋಡದೇ ಇದ್ದರೆ ಪೈರು ಒಣಗುತ್ತದೆ. ತಾಯಿ ಗಟ್ಟಿಮುಟ್ಟಾಗಿದ್ದಾಳೆ, ಹಿಮೋಗ್ಲೋಬಿನ್ ಚೆನ್ನಾಗಿದೆ, ಆದರೂ ಯಾಕೆ ಹೀಗಾಯಿತು ಅಂತ ಕೇಳುವವರಿಗೆ ಉತ್ತರ ಇದೇ. ತೊಂದರೆ ಇರುವುದು ಕಾಲುವೆಯಲ್ಲಿ.

ಬೀಟಾ-2 ಪ್ರೋಟೀನ್ ಕೂರುವ ಬಗೆಯ ಕೊಬ್ಬು ಮಾಸಿನ ಜೀವಕೋಶಗಳ ಹೊರಮೈಯಲ್ಲಿ ತೆರೆದೇ ಇರುತ್ತದೆ. ಬೇರೆ ಜೀವಕೋಶಗಳಲ್ಲಿ ಸಾಮಾನ್ಯವಾಗಿ ಅದು ಪೊರೆಯ ಒಳಬದಿಯಲ್ಲಿ ಅಡಗಿರುತ್ತದೆ. ಹಾಗಾಗಿ ಪ್ರತಿಕಾಯಗಳಿಗೆ ಮಾಸು ಸುಲಭವಾಗಿ ಸಿಗುತ್ತದೆ. ಅವು ಅಂಟಿಕೊಂಡಾಗ ಮಾಸಿನ ಕೋಶಗಳು ಸರಿಯಾಗಿ ಬೆಳೆಯುವುದಿಲ್ಲ, ಗೋಡೆಯೊಳಗೆ ಆಳವಾಗಿ ಇಳಿಯುವುದಿಲ್ಲ. ಜೊತೆಗೆ ಆ ಜಾಗದಲ್ಲಿ ಉರಿಯೂತ ಶುರುವಾಗುತ್ತದೆ. ಮುಂದೆ ರಕ್ತದ ಹರಿವು ಜಾಸ್ತಿಯಾದಾಗ ಸಣ್ಣ ಸಣ್ಣ ಹೆಪ್ಪುಗಳೂ ಸೇರಿಕೊಳ್ಳಬಹುದು.

ಮೊದಲೆಲ್ಲ ಹೆಪ್ಪುಗಟ್ಟುವುದೊಂದೇ ಕಾರಣ ಅಂತ ನಂಬಿದ್ದರು. ಆದರೆ ಮೊದಲ ಎರಡು ತಿಂಗಳಲ್ಲಿ ತಾಯಿಯ ರಕ್ತ ಮಾಸಿನೊಳಗೆ ಇನ್ನೂ ಪೂರ್ತಿ ಹರಿಯುತ್ತಿರುವುದಿಲ್ಲ. ಆ ಹೊತ್ತಿನಲ್ಲೇ ಇಳಿದುಹೋಗುವ ಬಸಿರಿಗೆ ಹೆಪ್ಪೊಂದೇ ಕಾರಣ ಅನ್ನಲು ಆಗುವುದಿಲ್ಲ. ತಿಂಗಳು ತುಂಬುತ್ತಾ ಬಂದ ಮೇಲೆ ಹೊಟ್ಟೆಯಲ್ಲೇ ಕೂಸು ಹೋಗುವುದು, ತಾಯಿಗೆ ಬಿಪಿ ವಿಪರೀತ ಏರುವುದು, ಕೂಸಿನ ತೂಕ ಏರದೇ ಇರುವುದು ಇವಕ್ಕೂ ಇದೇ ಪ್ರತಿಕಾಯಗಳು ಕಾರಣವಾಗಬಹುದು.

ಯಾರಿಗೆ ಈ ಪರೀಕ್ಷೆ, ಯಾಕೆ ಎರಡು ಸಲ?

ಒಂದು ಸಲ ಗರ್ಭಪಾತ ಆಯಿತು ಅಂತ ಎಲ್ಲರೂ ಈ ಪರೀಕ್ಷೆಗೆ ಓಡಬೇಕಿಲ್ಲ. ಗೊತ್ತಾದ 100 ಬಸಿರುಗಳಲ್ಲಿ 10ರಿಂದ 20 ಹೀಗೆ ಹೋಗುತ್ತವೆ. ಮೊದಲ ಮೂರು ತಿಂಗಳಲ್ಲಿ ಹೋಗುವವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ, ಭ್ರೂಣದ ಕ್ರೋಮೋಸೋಮುಗಳ ಲೆಕ್ಕ ಆ ಸಲ ತಪ್ಪಿದ್ದು. ಅದು ಯಾರ ಕೈಯಲ್ಲೂ ಇಲ್ಲ. ಮುಂದಿನ ಬಸಿರು ಸಾಮಾನ್ಯವಾಗಿ ಚೆನ್ನಾಗಿಯೇ ಆಗುತ್ತದೆ.

ಪದೇ ಪದೇ ಹೋಗುವಾಗ ಲೆಕ್ಕ ಬದಲಾಗುತ್ತದೆ. ಅಂಥ 100 ಮಹಿಳೆಯರಲ್ಲಿ ಸುಮಾರು 15 ಮಂದಿಯಲ್ಲಿ ಈ ಪ್ರತಿಕಾಯಗಳು ಸಿಗುತ್ತವೆ. ಅಂಥ ತೊಂದರೆ ಇಲ್ಲದವರಲ್ಲಿ 100ಕ್ಕೆ 2ಕ್ಕಿಂತ ಕಡಿಮೆ. ಈ ಕಾಯಿಲೆಯನ್ನು ಗುರುತಿಸಲು 2006ರಲ್ಲಿ ಪ್ರಕಟವಾದ ಸಿಡ್ನಿ ಮಾನದಂಡದ ಪ್ರಕಾರ, ಬಸಿರಿನ ಮಟ್ಟಿಗೆ, 10 ವಾರದೊಳಗೆ ಸತತ ಮೂರು ಗರ್ಭಪಾತ, ಅಥವಾ 10 ವಾರ ದಾಟಿದ ಮೇಲೆ ಸರಿಯಾಗಿ ರೂಪುಗೊಂಡಿದ್ದ ಕೂಸು ಹೋಗಿದ್ದು ಒಂದು ಸಲ, ಅಥವಾ ಬಿಪಿ ತೀವ್ರವಾಗಿ ಏರಿ ಇಲ್ಲವೇ ಮಾಸು ಕೆಲಸ ಮಾಡದೆ 34 ವಾರಕ್ಕಿಂತ ಮುಂಚೆ ಹೆರಿಗೆ ಆಗಿದ್ದು, ಇಷ್ಟರಲ್ಲಿ ಯಾವುದಾದರೂ ಒಂದು ಇರಬೇಕು. ಈಗ ಎಷ್ಟೋ ಡಾಕ್ಟರುಗಳು ಎರಡು ಗರ್ಭಪಾತಕ್ಕೇ ಪರೀಕ್ಷೆ ಬರೆಯುತ್ತಾರೆ.

ಇನ್ನು ಎರಡು ಸಲದ ಮಾತು. ಕನಿಷ್ಠ 12 ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿ, ಆಗಲೂ ಪಾಸಿಟಿವ್ ಬಂದರೆ ಮಾತ್ರ ಇದನ್ನು ಆಂಟಿ ಫಾಸ್ಫೋಲಿಪಿಡ್ ಸಿಂಡ್ರೋಮ್ ಅನ್ನುತ್ತಾರೆ. 1983ರಲ್ಲಿ ಲಂಡನ್ನಿನ ಡಾಕ್ಟರ್ ಗ್ರಹಾಂ ಹ್ಯೂಸ್ ಇದನ್ನು ವಿವರಿಸಿದ್ದರಿಂದ ಹ್ಯೂಸ್ ಸಿಂಡ್ರೋಮ್ ಅಂತಲೂ ಹೆಸರಿದೆ. ವೈರಲ್ ಜ್ವರವೋ ಇನ್ಯಾವುದೋ ಸೋಂಕೋ ಬಂದಾಗ ಈ ಪ್ರತಿಕಾಯಗಳು ಸ್ವಲ್ಪ ದಿನ ಕಾಣಿಸಿಕೊಂಡು, ಆಮೇಲೆ ತಾವಾಗಿಯೇ ಮಾಯವಾಗುತ್ತವೆ. ಒಂದೇ ರಿಪೋರ್ಟ್ ಹಿಡಿದು ‘ನನಗೆ ಈ ಕಾಯಿಲೆ ಇದೆ’ ಅಂತ ತೀರ್ಮಾನಿಸಬೇಡಿ. ಅಂಕಿ ಎಷ್ಟಿದೆ ಅನ್ನುವುದೂ ಮುಖ್ಯ. ಕಾರ್ಡಿಯೋಲಿಪಿನ್ 40 ಯೂನಿಟ್ ದಾಟಿರುವುದಕ್ಕೆ ಇರುವ ತೂಕ, ಅಂಚಿನಲ್ಲಿರುವ 14, 15ಕ್ಕೆ ಇಲ್ಲ. ಮೂರೂ ಪಾಸಿಟಿವ್ ಬಂದವರಿಗೆ ಅಪಾಯ ಜಾಸ್ತಿ.

ತಾತನ ಮಾತ್ರೆ, ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್

ಪದೇ ಪದೇ ಆಗುವ ಗರ್ಭಪಾತದ ಕಾರಣಗಳಲ್ಲಿ ಔಷಧಿಯಿಂದ ಹಿಡಿತಕ್ಕೆ ತರಬಹುದಾದವು ಕಡಿಮೆ. ಇದು ಅವುಗಳಲ್ಲೊಂದು. ಅದಕ್ಕೇ ನಾನು ಇಷ್ಟು ಉದ್ದ ಬರೆಯುತ್ತಿರುವುದು.

ಕೊಡುವುದು ಎರಡು ಔಷಧಿ. ಒಂದು, ಕಡಿಮೆ ಡೋಸಿನ ಆಸ್ಪಿರಿನ್, ಸಾಮಾನ್ಯವಾಗಿ ದಿನಕ್ಕೆ 75 ಮಿಲಿಗ್ರಾಂ. ‘ಇದು ನಮ್ಮ ತಾತನ ಹಾರ್ಟ್ ಮಾತ್ರೆ, ನಂಗ್ಯಾಕೆ?’ ಅಂತ ಕೇಳಿ ನಿಲ್ಲಿಸಿಬಿಡುವವರು ಇದ್ದಾರೆ. ಮಾತ್ರೆ ಅದೇ, ಕಾರಣ ಬೇರೆ. ಇನ್ನೊಂದು ಹೆಪಾರಿನ್. ಬಸಿರು ನಿಂತದ್ದು ಖಚಿತವಾದ ಮೇಲೆ ದಿನಾ ಹೊಟ್ಟೆಯ ಚರ್ಮದ ಕೆಳಗೆ ಚುಚ್ಚಿಕೊಳ್ಳುವ ಇಂಜೆಕ್ಷನ್. ಔಷಧಿ ತುಂಬಿದ ಸಣ್ಣ ಸಿರಿಂಜೇ ಸಿಗುತ್ತದೆ. ಚರ್ಮವನ್ನು ಎರಡು ಬೆರಳಲ್ಲಿ ಮಡಿಸಿ ಹಿಡಿದು, ನೇರವಾಗಿ ಚುಚ್ಚಬೇಕು. ಆಮೇಲೆ ಉಜ್ಜಬಾರದು. ಚುಚ್ಚಿದಲ್ಲಿ ನೀಲಿ ಕಲೆ ಬೀಳುವುದು ಮಾಮೂಲು. ಸೂಜಿ ಹೋಗುವುದು ಚರ್ಮದ ಕೊಬ್ಬಿಗೆ ಮಾತ್ರ, ಕೂಸಿನ ಹತ್ತಿರಕ್ಕೂ ಹೋಗುವುದಿಲ್ಲ. ಹೆಪಾರಿನ್ ಮಾಸನ್ನು ದಾಟುವುದೂ ಇಲ್ಲ. ರಕ್ತ ತೆಳು ಮಾಡುವ ಇನ್ನೊಂದು ಮಾತ್ರೆ, ವಾರ್ಫರಿನ್, ದಾಟುತ್ತದೆ. ಮೊದಲ ಮೂರು ತಿಂಗಳಲ್ಲಿ ಅದು ಕೂಸಿಗೆ ಕೆಡುಕು ಮಾಡಬಹುದು. ವಾರ್ಫರಿನ್ ತಗೊಳ್ಳುತ್ತಿರುವವರು ಬಸಿರಾಗುವ ಯೋಚನೆ ಇದ್ದರೆ ಮೊದಲೇ ಡಾಕ್ಟರಿಗೆ ತಿಳಿಸಲೇಬೇಕು.

1997ರಲ್ಲಿ ಲಂಡನ್ನಿನ ಡಾಕ್ಟರುಗಳು ಈ ಪ್ರತಿಕಾಯ ಇದ್ದ, ಪದೇ ಪದೇ ಗರ್ಭಪಾತ ಆಗಿದ್ದ 90 ಮಹಿಳೆಯರ ಅಧ್ಯಯನ ಪ್ರಕಟಿಸಿದರು. ಆಸ್ಪಿರಿನ್ ಒಂದನ್ನೇ ತಗೊಂಡ 45 ಮಂದಿಯಲ್ಲಿ 19 ಮಂದಿಗೆ ಜೀವಂತ ಕೂಸು ಹುಟ್ಟಿತು. ಆಸ್ಪಿರಿನ್ ಜೊತೆ ಹೆಪಾರಿನ್ನೂ ತಗೊಂಡ 45 ಮಂದಿಯಲ್ಲಿ 32 ಮಂದಿಗೆ. ಆಮೇಲಿನ ಎಲ್ಲ ಅಧ್ಯಯನಗಳಲ್ಲೂ ಇಷ್ಟೇ ದೊಡ್ಡ ಅಂತರ ಕಾಣಲಿಲ್ಲ. ಆದರೂ ಇವತ್ತಿಗೂ ಈ ಜೋಡಿಯೇ ಮೊದಲ ಆಯ್ಕೆ.

ಪ್ರತಿಕಾಯ ಇಲ್ಲದವರಿಗೆ ‘ಇರಲಿ, ಒಳ್ಳೇದಾಗಬಹುದು’ ಅಂತ ಈ ಇಂಜೆಕ್ಷನ್ ಕೊಟ್ಟರೆ ಪ್ರಯೋಜನ ಇಲ್ಲ. ಕಾರಣ ಗೊತ್ತಾಗದ ಗರ್ಭಪಾತಗಳಲ್ಲಿ ಇದರಿಂದ ಲಾಭ ಆಗಲಿಲ್ಲ ಅಂತ 2010ರಲ್ಲಿ ನೆದರ್ಲೆಂಡ್ಸ್‌ನ ಅಧ್ಯಯನ ತೋರಿಸಿತು. ಪಕ್ಕದ ಮನೆಯವರಿಗೆ ಕೊಟ್ಟರು, ನಮಗೂ ಬರೆದುಕೊಡಿ ಅಂತ ಕೇಳಬೇಡಿ.

ಚಿಕಿತ್ಸೆ ನಡೆಯುವಾಗ ಪ್ಲೇಟ್‌ಲೆಟ್ ಎಣಿಕೆ, ಬಿಪಿ, ಕೂಸಿನ ಬೆಳವಣಿಗೆಯ ಸ್ಕ್ಯಾನ್ ಇವೆಲ್ಲ ಸಮಯಕ್ಕೆ ಸರಿಯಾಗಿ ಆಗಬೇಕು. ಹೆರಿಗೆಯ ದಿನ ಹತ್ತಿರ ಬಂದಾಗ ಇಂಜೆಕ್ಷನ್ ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ಡಾಕ್ಟರೇ ಹೇಳುತ್ತಾರೆ. ಮೈಸೂರಿನ ಚೆಲುವಾಂಬ ಆಸ್ಪತ್ರೆ, ಮಂಡ್ಯದ ಮಿಮ್ಸ್‌ನಂಥ ದೊಡ್ಡಾಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಹೆಸರು ಬರೆಸಿಕೊಂಡು, ಹಳೇ ಕಾಗದಗಳನ್ನೆಲ್ಲ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ. ಒಂದೇ ಕಾಲು ಊದಿಕೊಂಡು ನೋವು ಬಂದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಅದು ಕಾಲಿನಲ್ಲೋ ಶ್ವಾಸಕೋಶದಲ್ಲೋ ಹೆಪ್ಪುಗಟ್ಟಿರುವ ಸೂಚನೆ ಇರಬಹುದು. ಹೆರಿಗೆಯಾದ ಮೇಲಿನ ವಾರಗಳಲ್ಲೂ ಈ ಅಪಾಯ ಇರುತ್ತದೆ. ಮುಂದೆ ಗರ್ಭನಿರೋಧಕ ಮಾತ್ರೆ ಕೇಳುವಾಗಲೂ ಈ ವಿಷಯ ಹೇಳಲೇಬೇಕು. ಈಸ್ಟ್ರೋಜನ್ ಇರುವ ಮಾತ್ರೆ ಇವರಿಗೆ ಆಗಿಬರುವುದಿಲ್ಲ.

ರಿಪೋರ್ಟಿನಲ್ಲಿ ಕಾಣುವ ಬೇರೆ ಪ್ರತಿಕಾಯಗಳು

ಎಎನ್‌ಎ, ಅಂದರೆ ಜೀವಕೋಶದ ಒಳಗಿನ ಕೇಂದ್ರಕ್ಕೆ ಅಂಟುವ ಪ್ರತಿಕಾಯ, ಪಾಸಿಟಿವ್ ಬಂದು ಗಾಬರಿಯಾಗುವವರು ಬಹಳ. ಆರೋಗ್ಯವಾಗಿರುವ ಎಷ್ಟೋ ಹೆಂಗಸರಲ್ಲೂ ಇದು ಪಾಸಿಟಿವ್ ಇರುತ್ತದೆ. ಇದೊಂದನ್ನೇ ನೋಡಿ ಗರ್ಭಪಾತಕ್ಕೆ ಔಷಧಿ ಕೊಡುವುದಿಲ್ಲ.

ಥೈರಾಯ್ಡಿನ ಟಿಪಿಒ ಪ್ರತಿಕಾಯ ಇರುವವರಲ್ಲಿ ಗರ್ಭಪಾತ ಸ್ವಲ್ಪ ಜಾಸ್ತಿ ಕಂಡುಬರುವುದು ನಿಜ. ಆದರೆ ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿರುವಾಗ ಬರೀ ಪ್ರತಿಕಾಯ ಇದೆ ಅಂತ ಥೈರಾಕ್ಸಿನ್ ಮಾತ್ರೆ ಕೊಟ್ಟರೆ ಜೀವಂತ ಹೆರಿಗೆಗಳು ಹೆಚ್ಚಾಗಲಿಲ್ಲ ಅಂತ 2019ರ ಬ್ರಿಟನ್ನಿನ ದೊಡ್ಡ ಅಧ್ಯಯನ ಹೇಳಿದೆ. ಥೈರಾಯ್ಡ್ ಕೆಲಸ ಕಡಿಮೆಯಾದಾಗ ಏರುವ ಟಿಎಸ್‌ಎಚ್ ಅನ್ನುವ ಹಾರ್ಮೋನ್ ಏರಿದ್ದರೆ ಮಾತು ಬೇರೆ, ಆಗ ಚಿಕಿತ್ಸೆ ಬೇಕು. ಆಂಟಿ-ರೋ ಅನ್ನುವುದು ಗರ್ಭಪಾತಕ್ಕಿಂತ ಹೆಚ್ಚಾಗಿ ಕೂಸಿನ ಹೃದಯದ ಬಡಿತಕ್ಕೆ ಸಂಬಂಧಿಸಿದ್ದು. ಅದು ಇದ್ದವರು ಡಾಕ್ಟರ ನಿಗಾದಲ್ಲಿರಬೇಕು.

ರುಬೆಲ್ಲಾದಂಥ ಕೆಲವು ಸೋಂಕುಗಳನ್ನು ಹುಡುಕುವ ಟಾರ್ಚ್ ಪರೀಕ್ಷೆಯನ್ನು ಪದೇ ಪದೇ ಮಾಡಿಸಿ ದುಡ್ಡು ಕಳೆದುಕೊಳ್ಳುವವರನ್ನು ನೋಡಿದರೆ ಸಂಕಟವಾಗುತ್ತದೆ. ಪದೇ ಪದೇ ಆಗುವ ಗರ್ಭಪಾತದ ಕಾರಣ ಹುಡುಕಲು ಅದು ಬೇಕಿಲ್ಲ.

ಮತ್ತೆ ರಕ್ತ ಕೊಡಲು ಬರುವಾಗ

ಈ ಪರೀಕ್ಷೆಗೆ ನೀಲಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ತೆಗೆಯುತ್ತೇವೆ. ಅದರೊಳಗೆ ರಕ್ತ ಗಟ್ಟಿಯಾಗದಂತೆ ತಡೆಯುವ ದ್ರಾವಣ ಇರುತ್ತದೆ. ದ್ರಾವಣ ಒಂದು ಪಾಲಿದ್ದರೆ ರಕ್ತ ಒಂಬತ್ತು ಪಾಲು ಇರಲೇಬೇಕು. ಗೆರೆ ಮುಟ್ಟುವಷ್ಟು ತುಂಬದಿದ್ದರೆ ಫಲಿತಾಂಶ ಕೆಡುತ್ತದೆ, ಆಗ ‘ಇನ್ನೊಂದು ಸಲ ಚುಚ್ಚಬೇಕಮ್ಮ’ ಅಂದರೆ ಬೇಜಾರಾಗಬೇಡಿ. ಆಮೇಲೆ ಯಂತ್ರದಲ್ಲಿ ಒಂದಲ್ಲ, ಎರಡು ಸಲ ತಿರುಗಿಸಿ ಪ್ಲೇಟ್‌ಲೆಟ್‌ಗಳನ್ನೆಲ್ಲ ತೆಗೆಯುತ್ತೇವೆ. ಅವುಗಳಲ್ಲೂ ಫಾಸ್ಫೋಲಿಪಿಡ್ ಇದೆ, ಉಳಿದರೆ ಲೆಕ್ಕ ತಪ್ಪುತ್ತದೆ.

ಹೆಪಾರಿನ್ ಇಂಜೆಕ್ಷನ್ ಅಥವಾ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ರಕ್ತ ತೆಗೆಯುವ ಮುಂಚೆಯೇ ಹೇಳಿ. ಇತ್ತೀಚೆಗೆ ಜ್ವರ ಬಂದಿದ್ದರೂ ಹೇಳಿ. ಹಳೇ ರಿಪೋರ್ಟ್ ಜೊತೆಗೆ ತನ್ನಿ. ಸಾಧ್ಯವಾದರೆ ಅದೇ ಲ್ಯಾಬಿನಲ್ಲೇ ಮಾಡಿಸಿ, ಅಂಕಿಗಳನ್ನು ಹೋಲಿಸಲು ಸುಲಭ. ಈ 12 ವಾರದೊಳಗೇ ಮುಟ್ಟು ನಿಂತರೆ ಎರಡನೇ ರಿಪೋರ್ಟಿಗೆ ಕಾಯುತ್ತಾ ಕೂರಬೇಡಿ, ಆ ವಾರವೇ ಡಾಕ್ಟರನ್ನು ನೋಡಿ.

ಅವತ್ತು ಆ ಹುಡುಗಿ ಕೊನೆಗೆ ಕೇಳಿದ್ದು ಒಂದೇ ಮಾತು: ‘ಮತ್ತೆ ಯಾವಾಗ ಬರ್ಬೇಕು ಮೇಡಂ?’ ಕೌಂಟರಿನ ಕ್ಯಾಲೆಂಡರ್ ತಿರುವಿ 12 ವಾರ ಎಣಿಸಿದೆವು. ದಸರಾದ ಆಸುಪಾಸಿಗೆ ಬಂತು. ಅತ್ತೆಯೇ ನನ್ನ ಪೆನ್ನು ಇಸಿದುಕೊಂಡು, ಕವರಿನ ಹಿಂಭಾಗದಲ್ಲಿ ತಾರೀಖು ಬರೆದುಕೊಂಡರು.